ಬೆಂಗಳೂರು ದಂಡುಪ್ರದೇಶ ಮತ್ತು ಮೃತರ ಬಲಿಪೂಜೆಯ ಸಂಗೀತ

1

ಕ್ರಿ. ಶ. 1791 ಬೆಂಗಳೂರಿನ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಮಾರ್ಚ್ 7ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿಯಿತು. ಮಾರ್ಚ್ 21ರ ರಾತ್ರಿ ಕೋಟೆಯೂ ಅದರ ವಶವಾಯಿತು. ಕೋಟೆಯ ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತಲೇ ಮಡಿದನು. ಅದೇ ವರ್ಷದ ಉತ್ತರಾರ್ಧದಲ್ಲಿ, ಇಲ್ಲಿಂದ ಸಹಸ್ರಾರು ಮೈಲಿ ದೂರದ ವಿಯೆನ್ನಾ ನಗರದಲ್ಲಿ, ವೋಲ್ಫ್‌ಗಾಂಗ್ ಅಮಡೇಯುಸ್ ಮೊಜಾರ್ಟನು ಮೃತರಿಗಾಗಿ ಹಾಡುವ ಒಂದು ಬಲಿಪೂಜೆಗೆ ಸಂಗೀತವನ್ನು ರಚಿಸುತ್ತಿದ್ದನು. ಅದನ್ನು ಮುಗಿಸಲಾಗದೆ ಡಿಸೆಂಬರ್ 5ರಂದು ತಾನೇ ಮೃತನಾದನು.

ಈ ಎರಡು ಸಂಗತಿಗಳಿಗೆ ಪರಸ್ಪರ ಯಾವ ಕಾರ್ಯಕಾರಣಸಂಬಂಧವೂ ಇಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ಅಲ್ಲಿಯ ಹವೆ ಒಗ್ಗದ ಕಂಪನಿ ಸೈನ್ಯವು 1809ರಲ್ಲಿ ಹಲಸೂರಿನ ಪಶ್ಚಿಮದ ಬಯಲಿನಲ್ಲಿ ನೆಲೆಯೂರಿದಮೇಲೆ, ಯೂರೋಪಿನ ಸಂಗೀತವೂ ಅದರ ಶವಸಂಸ್ಕಾರಪದ್ಧತಿಗಳೂ ಈ ನೆಲಕ್ಕೆ ಬಂದವು. ಇತ್ತೀಚಿನ ದಶಕಗಳಲ್ಲಿ ಬೆಂಗಳೂರಿನ ಗಾಯಕವೃಂದಗಳು ಪಾಶ್ಚಾತ್ಯ ಪವಿತ್ರಗಾಯನವನ್ನು ಕಚೇರಿಯಾಗಿ ಹಾಡುತ್ತಿವೆ. ಇಂತಹ ಕೃತಿಗಳನ್ನು ರಚನೆಯ ಕಾಲದ ವಾದ್ಯಗಳಿಂದಲೇ ನುಡಿಸಬೇಕೆಂಬ ಪಂಥವೊಂದು ಜಗತ್ತಿನಲ್ಲೆಲ್ಲ ಪ್ರಬಲವಾಗಿದೆ. ಹೀಗಿರುವಾಗ, ಮೊಜಾರ್ಟನ ಕಾಲದ ಮೃತರ ಬಲಿಪೂಜೆಯೊಂದನ್ನು ತತ್ಕಾಲೀನ ವಾದ್ಯವೃಂದದೊಡನೆ ನಮ್ಮ ದಂಡುಪ್ರದೇಶದಲ್ಲಿ ಹಾಡುವುದೆಂದರೆ ಇತಿಹಾಸದೃಷ್ಟಿಯಿಂದ ಏನರ್ಥ? ಅದಕ್ಕೆ ಬೇಕಾದ ಅಂಗಗಳು ಇಲ್ಲಿ ಯಾವಾಗ, ಯಾರ ಬಳಿ ಇದ್ದವು? ಅವು ಒಂದೆಡೆ ಸೇರುವುದಕ್ಕೆ ಅಡ್ಡಿಯಾದದ್ದು ಯಾವುದು? ಇವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

2

ಮೊದಲು ಕೃತಿಯ ಸ್ವರೂಪವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಕಥೋಲಿಕ ಸಂಪ್ರದಾಯದಲ್ಲಿ ಮೃತರ ಸದ್ಗತಿಗಾಗಿ ಅರ್ಪಿಸುವ ಬಲಿಪೂಜೆಗೆ ರೆಕ್ವಿಯೆಂ ಎಂದು ಹೆಸರು. ಅದು ಆ ಪೂಜೆಯ ಪ್ರಾರಂಭದ ಲ್ಯಾಟಿನ್ ಶಬ್ದ. 'ವಿಶ್ರಾಂತಿಯನ್ನು' ಎಂದು ಅದರ ಅರ್ಥ. ನಿತ್ಯದ ಪೂಜೆಯಲ್ಲಿರುವ ಹರ್ಷದ ಮಹಿಮಾಗೀತವೂ ವಿಶ್ವಾಸಪ್ರಮಾಣವೂ ಇದರಲ್ಲಿಲ್ಲ. ಅವುಗಳ ಬದಲು ಅಂತ್ಯತೀರ್ಪಿನ ದಿನವನ್ನು ವರ್ಣಿಸುವ 'ಡೀಯೆಸ್ ಈರೇ' ಎಂಬ ದೀರ್ಘಗೀತವಿದೆ. ಅದನ್ನು 13ನೆಯ ಶತಮಾನದ ಚೆಲಾನೊದ ತೋಮಸನಿಗೆ ಆರೋಪಿಸುವುದು ರೂಢಿ. 1570ರಲ್ಲಿ ಐದನೆಯ ಪಯಸ್ ಜಗದ್ಗುರುಗಳು ಪೂಜಾಗ್ರಂಥವನ್ನು ವ್ಯವಸ್ಥೆಗೊಳಿಸಿದ ಮೇಲೆ ಈ ಪಾಠವು ಲ್ಯಾಟಿನ್ ಪದ್ಧತಿಯ ದೇವಾಲಯಗಳಲ್ಲೆಲ್ಲ ಸ್ಥಿರವಾಯಿತು. ನಮ್ಮಲ್ಲಿ ಪಿತೃಪಕ್ಷದ ಮಹಾಲಯ ಅಮಾವಾಸ್ಯೆ ಇರುವಂತೆ, ಅವರಲ್ಲಿ ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಆ ದಿನವೂ ಇದೇ ಪೂಜೆ ನಡೆಯುತ್ತಿತ್ತು.

ಮೊಜಾರ್ಟನ ಕೃತಿಯನ್ನು ಮಾಡಿಸಿದವನು ಕೌಂಟ್ ವಾಲ್ಸೆಗ್. 1791ರ ಫೆಬ್ರವರಿಯಲ್ಲಿ ತೀರಿಕೊಂಡ ತನ್ನ ಎಳೆಯ ಪತ್ನಿಯ ಸ್ಮರಣೆ ಅವನ ಉದ್ದೇಶ. ಮೊಜಾರ್ಟನು ಪೂರ್ಣವಾಗಿ ಬರೆದು ಮುಗಿಸಿದ್ದು ಪ್ರವೇಶಗೀತವೊಂದನ್ನೇ. ಮಿಕ್ಕ ಕೆಲವು ಭಾಗಗಳಿಗೆ ಗಾಯನದ ಧಾಟಿಗಳನ್ನೂ ಮಂದ್ರಸ್ಥಾಯಿಯ ಆಧಾರವನ್ನೂ ಹಾಕಿಟ್ಟಿದ್ದನು. ಉಳಿದುದನ್ನು ಅವನ ಬಳಿಯಿದ್ದ ಜ್ಯೂಸ್ಮೇಯರ್ ಪೂರೈಸಿದನು. ಇದರ ವಾದ್ಯವೃಂದವು ಗಮನಾರ್ಹವಾದುದು. ಕೊಳಲಿಲ್ಲ, ಓಬೊ ಇಲ್ಲ. ಎರಡು ಬ್ಯಾಸೆಟ್ ಹಾರ್ನ್, ಎರಡು ಬಸೂನ್, ಎರಡು ಟ್ರಂಪೆಟ್, ಮೂರು ಟ್ರಾಂಬೋನ್, ಒಂದು ಜೊತೆ ತಾಮ್ರದ ನಗಾರಿ, ತಂತಿವಾದ್ಯಗಳು ಮತ್ತು ಆರ್ಗನ್. ಬ್ಯಾಸೆಟ್ ಹಾರ್ನ್ ಕ್ಲಾರಿನೆಟ್ಟಿನ ಕುಲಕ್ಕೆ ಸೇರಿದ, ಅದಕ್ಕಿಂತ ತಗ್ಗಿದ ದನಿಯ ವಾದ್ಯ. ಉಜ್ಜ್ವಲವಾದ ನಾದಗಳನ್ನು ಬೇಕೆಂದೇ ಬಿಟ್ಟು ಮಬ್ಬುದನಿಗಳನ್ನೇ ಆಯ್ದಿರುವುದು ಇಲ್ಲಿ ಸ್ಪಷ್ಟವಾಗಿದೆ.

ತತ್ಕಾಲೀನ ವಾದ್ಯಗಳೆಂದರೆ ಆ ಕಾಲದ ರಚನೆಯ ವಾದ್ಯಗಳು. ಪಿಟೀಲಿಗೆ ಉಕ್ಕಿನ ತಂತಿಯ ಬದಲು ಕರುಳಿನ ತಂತಿ. ಟ್ರಂಪೆಟ್ಟಿಗೆ ಗುಂಡಿಗಳಿಲ್ಲ, ತುಟಿಯ ಬಿಗಿಯಿಂದಲೇ ಸ್ವರ ಹೊರಡಬೇಕು. ಆಧಾರಶ್ರುತಿಯಲ್ಲೂ ವ್ಯತ್ಯಾಸವುಂಟು. ಇಂದು ಜಗತ್ತಿನಲ್ಲಿ ರೂಢವಾಗಿರುವ ಶ್ರುತಿ ಸೆಕೆಂಡಿಗೆ 440 ಕಂಪನಗಳದ್ದು. 1939ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆಯಿತು. ಮೊಜಾರ್ಟನ ಕಾಲದ ಕೃತಿಗಳನ್ನು ಈ ಪಂಥದವರು ಸಾಮಾನ್ಯವಾಗಿ 430ಕ್ಕೆ ಇಳಿಸಿ ನುಡಿಸುತ್ತಾರೆ. 1953ರಲ್ಲಿ ವಿಯೆನ್ನಾದಲ್ಲಿ ನಿಕೊಲೌಸ್ ಹಾರ್ನೊನ್‌ಕೂರ್ಟ್ ಕಟ್ಟಿದ ವಾದ್ಯವೃಂದ ಈ ಮಾರ್ಗದ ಪ್ರವರ್ತಕಗಳಲ್ಲೊಂದು. 1980ರ ದಶಕದಲ್ಲಿ ಅವರೂ ಇಂಗ್ಲೆಂಡಿನ ಹಾಗ್‌ವುಡ್ ಮತ್ತು ಗಾರ್ಡಿನರ್ ಅವರೂ ಈ ಕೃತಿಯನ್ನು ಹಾಗೆಯೇ ಮುದ್ರಿಸಿದರು.

3

ಈಗ ದಂಡುಪ್ರದೇಶಕ್ಕೆ ಬರೋಣ. ಮೇಲೆ ಹೇಳಿದ ಹಳೆಯ ವಾದ್ಯಗಳು ಇಂದು ಬೆಂಗಳೂರಿಗೆ ತೀರ ಅಪೂರ್ವವಾಗಿ ಕಾಣುತ್ತವೆ. ಆದರೆ ಪ್ರಾರಂಭದಲ್ಲಿ ಸ್ಥಿತಿ ಹೀಗಿರಲಿಲ್ಲವೆಂಬುದನ್ನು ಗಮನಿಸಬೇಕು. 1800ರ ಸುಮಾರಿನ ಬ್ರಿಟಿಷ್ ಕಾಲಾಳುಪಡೆಗಳ ವಾದ್ಯಮೇಳದಲ್ಲಿ ಮುಖ್ಯವಾಗಿದ್ದವು ಕ್ಲಾರಿನೆಟ್, ಹಾರ್ನ್ ಮತ್ತು ಬಸೂನ್‌ಗಳು. ಟ್ರಂಪೆಟ್ಟಿಗೆ ಗುಂಡಿ ಜೋಡಿಸುವ ಉಪಾಯ ಹೊಳೆದದ್ದು 1810ರ ದಶಕದಲ್ಲಿ. ಎಂದರೆ, ದಂಡು ನೆಲೆಯೂರಿದಾಗ ಇಂತಹ ಮೇಳಗಳಲ್ಲಿದ್ದ ಊದುವಾದ್ಯಗಳು ಮೊಜಾರ್ಟನ ಊದುವಾದ್ಯಗಳ ಸಮೀಪಬಂಧುಗಳೇ. ಇಂದು ನಾವು ಪ್ರಯಾಸದಿಂದ ತರಿಸಬೇಕಾದ 'ಹಳೆಯ ನಾದ'ವು ಅಂದಿನ ಸಿಪಾಯಿಗೆ ನಿತ್ಯದ ನಾದ.

ಆದರೆ ಆ ವಾದ್ಯಗಳು ಮೃತರಿಗಾಗಿ ನುಡಿದದ್ದು ಬೇರೆಯೇ ಸಂಗೀತವನ್ನು. ಬ್ರಿಟಿಷ್ ಸೈನ್ಯದಲ್ಲಿ ಶವಯಾತ್ರೆಗೆ ರೂಢವಾದ ಕೃತಿ ಹ್ಯಾಂಡೆಲನ 'ಸಾಲ್' ಎಂಬ ಸಂಗೀತಪ್ರಬಂಧದಲ್ಲಿ ಬರುವ ಶವಗಮನದ ವಾದ್ಯಭಾಗ. 'ಸಾಲ್' ಮೊದಲು ಪ್ರಯೋಗವಾದದ್ದು 1739ರಲ್ಲಿ, ಲಂಡನ್ನಿನಲ್ಲಿ. ಅದು ಬಲಿಪೂಜೆಯಲ್ಲ, ಅದಕ್ಕೆ ಮಾತೂ ಇಲ್ಲ. ಯಾವ ಪಂಗಡದ ಯೋಧನ ಶವದ ಹಿಂದೆಯಾದರೂ ಅದನ್ನು ನುಡಿಸಬಹುದಾಗಿತ್ತು. ಮಾತಿಲ್ಲದ್ದರಿಂದಲೇ ಅದು ಸರ್ವಸಮ್ಮತವಾಯಿತೆಂದು ಊಹಿಸಬಹುದು.

ಇಲ್ಲಿ ಶ್ರುತಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸೈನಿಕಮೇಳಗಳ ಶ್ರುತಿ 450 ಕಂಪನಗಳನ್ನೂ ಮೀರಿತ್ತು. ಅದು ಇಳಿದದ್ದು 1920ರ ದಶಕದ ಕೊನೆಯಲ್ಲಿ. 430ಕ್ಕೂ 452ಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದು ಅರ್ಧಸ್ವರ. ಆದುದರಿಂದ 'ತತ್ಕಾಲೀನ ನಾದ' ಎಂದಾಗ, ಯಾವ ಊರಿನ, ಯಾವ ಕಾಲದ ನಾದ ಎಂಬ ಪ್ರಶ್ನೆ ಏಳುತ್ತದೆ. 1791ರ ವಿಯೆನ್ನಾದ ಶ್ರುತಿ ಒಂದು. 1890ರ ಬೆಂಗಳೂರು ದಂಡಿನ ಶ್ರುತಿ ಮತ್ತೊಂದು.

4

ಸಂಗೀತದ ಪಾಠ, ಎಂದರೆ ಲ್ಯಾಟಿನ್ ಪೂಜಾಮಂತ್ರವು, ಸೈನಿಕಮೇಳದ ಬಳಿ ಇರಲಿಲ್ಲ. ಅದು ಕಥೋಲಿಕ ದೇವಾಲಯಗಳಲ್ಲಿತ್ತು. ಇಂದಿನ ಶಿವಾಜಿನಗರಕ್ಕೆ ಹಿಂದೆ ಬಿಳಿಅಕ್ಕಿಪಳ್ಳಿ ಅಥವಾ ಬ್ಲ್ಯಾಕ್‌ಪಳ್ಳಿಯೆಂದು ಹೆಸರು. ಅಲ್ಲಿ 19ನೆಯ ಶತಮಾನದ ಆದಿಯಲ್ಲಿ ಸಣ್ಣ ಪ್ರಾರ್ಥನಾಮಂದಿರವೊಂದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬೆ ದುಬ್ವಾ. ಹಿಂದೂಗಳ ಆಚಾರವ್ಯವಹಾರಗಳ ಮೇಲೆ ಗ್ರಂಥ ಬರೆದು ಪ್ರಸಿದ್ಧರಾದ ಇವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಈಗಿನ ಗೋಥಿಕ್ ಶೈಲಿಯ ಸಂತ ಮರಿಯಮ್ಮನವರ ದೇವಾಲಯವು ಪಾದ್ರಿ ಕ್ಲೈನರ್ ಅವರ ಪ್ರಯತ್ನದಿಂದ ಎದ್ದು, 1882ರ ಸೆಪ್ಟೆಂಬರ್ 8ರಂದು ಪವಿತ್ರೀಕೃತವಾಯಿತು. ದಂಡಿನಲ್ಲಿದ್ದ ಐರಿಷ್ ಸೈನಿಕರಿಗೆ 1840ರ ದಶಕದಿಂದ ಸಂತ ಪ್ಯಾಟ್ರಿಕ್‌ರ ದೇವಾಲಯವಿತ್ತು. ಇವೆಲ್ಲವನ್ನೂ ನಡೆಸುತ್ತಿದ್ದವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಪಾದ್ರಿಗಳು.

ಪೂಜಾರ್ಥಿಗಳಲ್ಲಿ ಎಷ್ಟು ಭಾಷೆಗಳು! ಮದ್ರಾಸು ಪ್ರಾಂತದಿಂದ ಸೈನ್ಯದ ಬೆನ್ನಿಗೆ ಬಂದ ತಮಿಳರು, ಐರಿಷರು, ಆಂಗ್ಲೋ-ಇಂಡಿಯನ್ನರು, ಗೋವೆಯವರು. ಬೆಂಗಳೂರಿನ ಸುತ್ತಣ ಹಳ್ಳಿಗಳ ಕನ್ನಡಿಗರು. ಕನ್ನಡ ಕಥೋಲಿಕರ ಪರಂಪರೆ ದಂಡಿಗಿಂತಲೂ ಹಳೆಯದು. 17ನೆಯ ಶತಮಾನದ ನಡುಭಾಗದಲ್ಲಿ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನಿಗೆ ಅದು ಸೇರುತ್ತದೆ. ಇಷ್ಟು ಜನಕ್ಕೂ ಸಾವಿನ ದಿನದ ಮಂತ್ರ ಒಂದೇ ಆಗಿತ್ತು. ಅದು ಅವರಾರ ಮನೆಮಾತೂ ಅಲ್ಲದ ಲ್ಯಾಟಿನ್ನಿನಲ್ಲಿತ್ತು. ಅಧಿಕಾರಿಗೂ ಅಡಿಗೆಯವನಿಗೂ ಪಾದ್ರಿಗಳು ಅದೇ ಪಾಠವನ್ನು ಓದುತ್ತಿದ್ದರು. 1898ರ ಪ್ಲೇಗಿನಲ್ಲಿ ಸಾವಿರಾರು ಮಂದಿ ಸತ್ತಾಗಲೂ ಪೂಜಾಗ್ರಂಥದಲ್ಲಿದ್ದ ಪಾಠ ಅದೇ.

ಈ ದೇವಾಲಯಗಳ ಬಾಗಿಲವರೆಗೆ ಬಂದ ಸೈನಿಕಮೇಳ ಒಳಗೆ ಹೋಗಿ ಬಲಿಪೂಜೆಗೆ ನುಡಿಸಬಾರದಿತ್ತೇ? ಮೊಜಾರ್ಟನ ಕಾಲದ ವಿಯೆನ್ನಾದಲ್ಲಿ ನಗಾರಿ ಟ್ರಂಪೆಟ್ಟುಗಳು ದೇವಾಲಯದೊಳಗೆ ಮೊಳಗುತ್ತಿದ್ದವು. ಆದರೆ 1903ರ ನವೆಂಬರ್ 22ರಂದು ಹತ್ತನೆಯ ಪಯಸ್ ಜಗದ್ಗುರುಗಳು ಪವಿತ್ರಸಂಗೀತದ ಮೇಲೆ ಹೊರಡಿಸಿದ ಆಜ್ಞಾಪತ್ರ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ನಾಟಕಶಾಲೆಯ ಧಾಟಿಯ ಸಂಗೀತ ಬೇಡವೆಂದೂ, ಗ್ರೆಗೋರಿಯನ್ ಏಕಧ್ವನಿಗಾನವೇ ಆದರ್ಶವೆಂದೂ, ನಗಾರಿ ಮುಂತಾದ ಗದ್ದಲದ ವಾದ್ಯಗಳು ನಿಷಿದ್ಧವೆಂದೂ ಅದು ವಿಧಿಸಿತು. ವಾದ್ಯಮೇಳಗಳು ದೇವಾಲಯದೊಳಗೆ ನುಡಿಸಕೂಡದೆಂದೂ, ವಿಶೇಷ ಸಂದರ್ಭಗಳಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ಮಾತ್ರ ಕೆಲವೇ ಊದುವಾದ್ಯಗಳು ಇರಬಹುದೆಂದೂ ಹೇಳಿತು. ಪೂಜೆಯ ಗಾಯಕವೃಂದದಲ್ಲಿ ಸ್ತ್ರೀಯರು ಸೇರಲಾಗದು. ಮೇಲುಸ್ಥಾಯಿಯನ್ನು ಬಾಲಕರೇ ಹಾಡಬೇಕು. ಈ ವಿಧಿಗಳು ಬೆಂಗಳೂರಿಗೂ ಅನ್ವಯಿಸಿದವು. ಹೀಗೆ ಮಂತ್ರ ಒಳಗೆ, ವಾದ್ಯ ಹೊರಗೆ ಎಂಬ ವಿಭಾಗವು ಶಾಸನಬದ್ಧವಾಯಿತು.

5

ಮೂರನೆಯ ಅಂಗ ಗಾಯಕವೃಂದ. ನಾಲ್ಕು ಸ್ಥಾಯಿಗಳಲ್ಲಿ ಹಾಡುವ ಶಿಸ್ತು ದಂಡುಪ್ರದೇಶದಲ್ಲಿ ಬೆಳೆದದ್ದು ಮುಖ್ಯವಾಗಿ ಪ್ರಾಟೆಸ್ಟೆಂಟ್ ಚರ್ಚುಗಳ ಆಶ್ರಯದಲ್ಲಿ. 1812ರಲ್ಲಿ ಮುಗಿದ ಸಂತ ಮಾರ್ಕ್‌ರ ಚರ್ಚು, ಹಲಸೂರಿನ ಹಾದಿಯಲ್ಲಿ 1850ರ ಸುಮಾರಿಗೆ ಎದ್ದ ಹೋಲಿ ಟ್ರಿನಿಟಿ ಚರ್ಚು, 1866ರಲ್ಲಿ ತೆರೆದ ಸ್ಕಾಟಿಷ್ ಪಂಗಡದ ಸಂತ ಆಂಡ್ರೂಸ್ ಚರ್ಚು ಇವುಗಳಲ್ಲಿ ಪ್ರಮುಖವಾದವು. ಸಂತ ಆಂಡ್ರೂಸ್ ಚರ್ಚಿನಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕಾನಕರ್ ಸಂಸ್ಥೆ 1881ರಲ್ಲಿ ನಿರ್ಮಿಸಿದ ಕೊಳವೆಯ ಆರ್ಗನ್ ಇದೆ. ಮೊಜಾರ್ಟನ ವಾದ್ಯವೃಂದಕ್ಕೆ ಬೇಕಾದ ಆರ್ಗನ್ ಎಂಬ ಅಂಗವೂ ಈ ಪ್ರದೇಶದಲ್ಲೇ ಇತ್ತೆಂದಾಯಿತು.

ಆದರೆ ಇದ್ದದ್ದು ಬೇರೆ ಮನೆಯಲ್ಲಿ. 16ನೆಯ ಶತಮಾನದ ಮತಸುಧಾರಣೆಯಲ್ಲಿ ಪ್ರಾಟೆಸ್ಟೆಂಟರು ತಿರಸ್ಕರಿಸಿದ ವಿಧಿಗಳಲ್ಲಿ ಮೃತರಿಗಾಗಿ ಅರ್ಪಿಸುವ ಬಲಿಪೂಜೆ ಮುಖ್ಯವಾದುದು. ಆದುದರಿಂದ ಹಾಡಬಲ್ಲ ಕಂಠಗಳೂ ಆರ್ಗನ್ನೂ ಇದ್ದಲ್ಲಿ ಆ ಪೂಜೆ ಇರಲಿಲ್ಲ. ಹೋಲಿ ಟ್ರಿನಿಟಿಯ ಗೋಡೆಗಳ ಮೇಲಿನ ಅಮೃತಶಿಲೆಯ ಸ್ಮಾರಕಫಲಕಗಳನ್ನು ಓದುವವನಿಗೆ ಈ ಭೇದ ತಿಳಿಯುತ್ತದೆ. ಅಲ್ಲಿ ಮೃತನ ಹೆಸರು, ಪಡೆ, ಗುಣಕಥನ ಇರುತ್ತವೆ. ಅವನ ಆತ್ಮಕ್ಕಾಗಿ ಪೂಜೆಮಾಡಿಸಿರೆಂಬ ಬೇಡಿಕೆ ಇರುವುದಿಲ್ಲ. ಕಲ್ಲಿನಲ್ಲಿ ಹೆಸರು ಕೊರೆಸಿಕೊಂಡವರು ಬಹುಮಟ್ಟಿಗೆ ಯೂರೋಪಿಯನ್ನರು. ಅವರ ಜೊತೆಯಲ್ಲೇ ಸತ್ತ ಸಿಪಾಯಿಗಳೂ ಕುದುರೆಯಾಳುಗಳೂ ಅಲ್ಲಿಲ್ಲವೆಂಬುದನ್ನು ಮರೆಯಬಾರದು.

ಕಥೋಲಿಕರ 1917ರ ಧರ್ಮಸಂಹಿತೆಯ 1258ನೆಯ ವಿಧಿ ಇನ್ನೊಂದು ಗೋಡೆಯನ್ನೆಬ್ಬಿಸಿತು. ಅನ್ಯಪಂಗಡದ ಆರಾಧನೆಯಲ್ಲಿ ಕಥೋಲಿಕರು ಸಕ್ರಿಯವಾಗಿ ಭಾಗವಹಿಸುವುದನ್ನು ಅದು ನಿಷೇಧಿಸಿತು. ಒಂದು ಮೈಲಿಯ ಅಂತರದಲ್ಲಿದ್ದ ಎರಡು ಗಾಯಕವೃಂದಗಳು ಒಂದು ಪೂಜೆಯಲ್ಲಿ ಜೊತೆಗೂಡುವುದು ಇದರಿಂದ ಅಸಾಧ್ಯವಾಯಿತು.

6

ನಾಲ್ಕನೆಯ ಅಂಗ ತಂತಿವಾದ್ಯಗಳ ಪೂರ್ಣ ವಾದ್ಯವೃಂದ. ಇದಕ್ಕೆ ಆಶ್ರಯವಿದ್ದದ್ದು ದಂಡಿನಲ್ಲಲ್ಲ, ಮೈಸೂರು ಅರಮನೆಯಲ್ಲಿ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಹಿಂತಿರುಗಿದಾಗಲೂ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈಯಲ್ಲಿ. ಪೇಟೆಯೂ ದಂಡೂ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಆಟೋ ಸ್ಮಿತ್ ಎಂಬ ಜರ್ಮನ್ ವಿದ್ವಾಂಸರ ಕೈಕೆಳಗೆ ಪಾಶ್ಚಾತ್ಯ ವಾದ್ಯವೃಂದವಿತ್ತು. ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕಚೇರಿಸಂಘದ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಕೇಳಿಬಂದದ್ದು ಇವರ ದ್ರವ್ಯಸಹಾಯದಿಂದ. ಮರಣದ ಸಮ್ಮುಖದಲ್ಲಿ ಶಾಂತಿಯನ್ನು ಹಾಡುವ ಆ ಗೀತೆಗಳ ಹಿಂದೆ ಕನ್ನಡನಾಡಿನ ದೊರೆಯೊಬ್ಬರ ಔದಾರ್ಯವಿತ್ತೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಆ ಔದಾರ್ಯದ ಫಲ ಕಾಣಿಸಿಕೊಂಡದ್ದು ಲಂಡನ್ನಿನಲ್ಲಿ, ಶಿವಾಜಿನಗರದಲ್ಲಲ್ಲ.

ಇಷ್ಟರಿಂದ ಒಂದು ಅಂಶ ವಿದಿತವಾಗುತ್ತದೆ. ಮೃತರ ಬಲಿಪೂಜೆಯ ಸಂಗೀತಕ್ಕೆ ಬೇಕಾದ ಯಾವ ಅಂಗವೂ ಈ ಪ್ರಾಂತಕ್ಕೆ ಅಪರಿಚಿತವಾಗಿರಲಿಲ್ಲ. ಮಂತ್ರ ಕಥೋಲಿಕರಲ್ಲಿ, ಊದುವಾದ್ಯ ಸೈನ್ಯದಲ್ಲಿ, ಗಾಯಕವೃಂದವೂ ಆರ್ಗನ್ನೂ ಪ್ರಾಟೆಸ್ಟೆಂಟರಲ್ಲಿ, ತಂತಿವಾದ್ಯ ಅರಮನೆಯಲ್ಲಿ. ಕೊರತೆಯಾದದ್ದು ಪ್ರತಿಭೆಯಲ್ಲ, ಒಡನಾಟ. ಅವುಗಳ ನಡುವೆ ಧರ್ಮಶಾಸ್ತ್ರದ ಗೋಡೆಗಳೂ ಆಡಳಿತದ ಗಡಿಗಳೂ ನಿಂತಿದ್ದವು.

7

ಈ ಗೋಡೆಗಳು ಬಿದ್ದದ್ದು 1960ರ ದಶಕದಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಕ್ರೈಸ್ತ ಪಂಗಡಗಳ ಐಕ್ಯವನ್ನು ಕುರಿತ ಘೋಷಣೆಯನ್ನು ಹೊರಡಿಸಿತು. ಜೊತೆಗೂಡಿ ಪ್ರಾರ್ಥಿಸುವುದಕ್ಕೆ ದಾರಿ ತೆರೆಯಿತು. ಆದರೆ ಇದೇ ಸಭೆ ಅದಕ್ಕೆ ಒಂದು ವರ್ಷ ಮೊದಲು, 1963ರ ಡಿಸೆಂಬರ್ 4ರಂದು, ಪೂಜಾವಿಧಿಯ ಸುಧಾರಣೆಗೆ ಅಂಕಿತ ಹಾಕಿತ್ತು. 1965ರಿಂದ ಲ್ಯಾಟಿನ್ ಹಂತಹಂತವಾಗಿ ಹಿಂದೆ ಸರಿದು ದೇಶಭಾಷೆಗಳು ಬಂದವು. 1969ರ ಹೊಸ ಶವಸಂಸ್ಕಾರವಿಧಿಯಲ್ಲಿ 'ಡೀಯೆಸ್ ಈರೇ' ಉಳಿಯಲಿಲ್ಲ. ಹಾಡುವವರು ಒಂದಾಗಬಹುದಾದ ಕಾಲಕ್ಕೆ ಹಾಡಬೇಕಾದ ಪಾಠವೇ ಪೂಜೆಯಿಂದ ಹೊರಗಾಯಿತು. ಇದೇ ಈ ಇತಿಹಾಸದ ಮುಖ್ಯ ಸಂಗತಿ.

ಹೊರಜಗತ್ತಿನ ನಿದರ್ಶನವೊಂದನ್ನು ಕೊಡಬಹುದು. 1964ರ ಜನವರಿ 19ರಂದು ಅಮೆರಿಕದ ಬಾಸ್ಟನ್ನಿನ ಕಥೀಡ್ರಲಿನಲ್ಲಿ ಅಧ್ಯಕ್ಷ ಕೆನೆಡಿಯವರ ಸ್ಮರಣಾರ್ಥ ಮೊಜಾರ್ಟನ ಈ ಕೃತಿಯನ್ನು ನಿಜವಾದ ಬಲಿಪೂಜೆಯೊಳಗೇ ಹಾಡಲಾಯಿತು. ಬಾಸ್ಟನ್ ಸಿಂಫನಿ ವಾದ್ಯವೃಂದವನ್ನು ಎರಿಕ್ ಲೈನ್ಸ್‌ಡಾರ್ಫ್ ನಡೆಸಿದರು. ಆ ಹಳೆಯ ವಿಧಿಗೆ ಆಗ ಉಳಿದಿದ್ದ ಆಯುಸ್ಸು ಕೆಲವೇ ವರ್ಷಗಳದ್ದು. ಅದೇ 1964ರಲ್ಲಿ ಬೆಂಗಳೂರಿನಲ್ಲಿ, 1791ರ ಮುತ್ತಿಗೆಯಲ್ಲಿ ಮಡಿದ ಕಂಪನಿಯವರ ನೆನಪಿಗೆ ಕಾರ್ಪೊರೇಷನ್ ಕಚೇರಿಯ ಎದುರು ನಿಂತಿದ್ದ ಸ್ಮಾರಕಸ್ತಂಭವನ್ನು ಕೆಡವಲಾಯಿತು. ಆಕ್ರಮಣಕಾರರ ಕೀರ್ತಿಸ್ತಂಭ ನಮಗೇಕೆಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಬಹದ್ದೂರ್ ಖಾನನಿಗೂ ಅವನೊಡನೆ ಬಿದ್ದವರಿಗೂ ಸಲ್ಲಬೇಕಾದ ಸ್ಮರಣೆ ಅದರಿಂದ ಸಂದಾಯವಾಗಲಿಲ್ಲ.

ಪೂಜಾವಿಧಿಯ ಈ ಪರಿವರ್ತನೆಯಲ್ಲಿ ನಮ್ಮ ಪೂರ್ವ ಬೆಂಗಳೂರು ಕೇವಲ ಪ್ರೇಕ್ಷಕನಾಗಿರಲಿಲ್ಲ. ಭಾರತೀಯ ಕಥೋಲಿಕ ಆರಾಧನೆಗೆ ದೇಶೀಯ ರೂಪ ಕೊಡುವುದಕ್ಕಾಗಿ ಪಾದ್ರಿ ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ 1967ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವು ಹಚಿನ್ಸ್ ರಸ್ತೆಯಲ್ಲೇ ಇದೆ. ಲ್ಯಾಟಿನ್ ಹೋದಮೇಲೆ ಅದರ ಸ್ಥಾನಕ್ಕೆ ಯಾವ ಭಾಷೆ ಬರಬೇಕೆಂಬ ಪ್ರಶ್ನೆ ಬೆಂಗಳೂರು ಮಹಾಧರ್ಮಪ್ರಾಂತದಲ್ಲಿ ಕಠಿಣವಾಯಿತು. ಕನ್ನಡನಾಡಿನ ರಾಜಧಾನಿಯಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ಕನ್ನಡ ಕಥೋಲಿಕರೂ, ತಲೆಮಾರುಗಳಿಂದ ತಮ್ಮದಾದ ದೇವಾಲಯಗಳಲ್ಲಿ ತಮ್ಮ ಮಾತು ಇರಬೇಕೆಂದು ತಮಿಳರೂ ವಾದಿಸಿದರು. ಆ ವಿವಾದ ದಶಕಗಳ ಕಾಲ ನಡೆಯಿತು.

ಇದನ್ನು ನೋಡಿ, ಲ್ಯಾಟಿನ್ ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲವೆಂದು ಹಲುಬುವವರುಂಟು. ಈ ಮಾತನ್ನು ಒಪ್ಪಲಾಗದು. ಲ್ಯಾಟಿನ್ ಎಲ್ಲರಿಗೂ ಸಮಾನವಾಗಿದ್ದದ್ದು ಅದು ಯಾರಿಗೂ ಅರ್ಥವಾಗದಿದ್ದುದರಿಂದ. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ ತನ್ನ ಮಾತಿನಲ್ಲಿ ಒಂದು ವಾಕ್ಯವನ್ನಾದರೂ ಕೇಳುವ ಹಕ್ಕಿದೆ. ಸುಧಾರಣೆ ಆ ಹಕ್ಕನ್ನು ಕೊಟ್ಟಿತು. ಆದರೆ ಪಡೆದುದರ ಜೊತೆಗೆ ಕಳೆದುದನ್ನೂ ಲೆಕ್ಕಹಾಕುವುದು ಇತಿಹಾಸಕಾರನ ಕರ್ತವ್ಯ. ಕಳೆದದ್ದು ಭಾಷೆಯಲ್ಲ, ಬೇರೆಬೇರೆ ಮಾತಿನವರು ಒಂದೇ ಶವದ ಸುತ್ತ ನಿಂತು ಒಂದೇ ಧ್ವನಿಯನ್ನು ಕೇಳುತ್ತಿದ್ದ ಸಂದರ್ಭ.

8

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಇಂದು ಮೊಜಾರ್ಟನ ಬಲಿಪೂಜೆಯನ್ನು ಇಲ್ಲಿ ಹಾಡಿದರೆ ಅದು ಪೂಜೆಯಲ್ಲ, ಕಚೇರಿ. ಸ್ತ್ರೀಯರೂ ಪುರುಷರೂ, ಕಥೋಲಿಕರೂ ಪ್ರಾಟೆಸ್ಟೆಂಟರೂ ಹಿಂದೂಗಳೂ ಮುಸಲ್ಮಾನರೂ ಅದರಲ್ಲಿ ಸೇರಬಹುದು. 1987ರಲ್ಲಿ ಶ್ರೀಮತಿ ಅರುಣಾ ಸುಂದರ್‌ಲಾಲರು ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂತಹ ಸಂಸ್ಥೆಗಳಿಂದ ಪಿಟೀಲು, ಚೆಲ್ಲೊ, ಗಾಯನ ಇವುಗಳ ಶಿಕ್ಷಣ ಅರಮನೆಯನ್ನೂ ಚರ್ಚನ್ನೂ ದಾಟಿ ನಗರದ ಸಾಮಾನ್ಯ ಮನೆಗಳಿಗೆ ತಲಪಿದೆ. ಹಿಂದೆ ಬೇರೆಬೇರೆಯಾಗಿದ್ದ ಅಂಗಗಳು ಒಂದಾಗುವ ಅವಕಾಶ ಈಗ ಇದೆ.

ಆದರೆ ತತ್ಕಾಲೀನತೆಯನ್ನು ಕರುಳಿನ ತಂತಿಗೂ ಗುಂಡಿಯಿಲ್ಲದ ಟ್ರಂಪೆಟ್ಟಿಗೂ ಮಾತ್ರ ಸೀಮಿತಗೊಳಿಸಿದರೆ ಕೆಲಸ ಅರ್ಧವಾದಂತೆ. ವಾದ್ಯಗಳಿಗೆ ಕಾಲವಿರುವಂತೆ ಕೇಳುವ ಊರಿಗೂ ಒಂದು ಕಾಲವಿದೆ, ಅದರದೇ ಮೃತರಿದ್ದಾರೆ. ಅಂತಹ ಕಚೇರಿಯಲ್ಲಿ ಲ್ಯಾಟಿನ್ ಪಾಠದ ಅರ್ಥವನ್ನು ಕನ್ನಡದಲ್ಲೂ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚುಹಾಕಿ ಕೈಗೆ ಕೊಡಬೇಕು. 1791ರಲ್ಲಿ ಕೋಟೆಯ ಒಳಗೂ ಹೊರಗೂ ಬಿದ್ದವರನ್ನು, ಫಲಕಗಳಲ್ಲಿ ಹೆಸರಿಲ್ಲದ ದಂಡಿನ ಆಳುಗಳನ್ನು, 1898ರ ಪ್ಲೇಗಿಗೆ ತುತ್ತಾದ ಎಲ್ಲ ಮತದವರನ್ನು ಆ ಸಂಜೆ ನೆನೆಯಬೇಕು. ತನ್ನ ಮೃತಪತ್ನಿಯೊಬ್ಬಳಿಗಾಗಿ ಕೌಂಟನೊಬ್ಬನು ಹಣಕೊಟ್ಟು ಬರೆಯಿಸಿದ ಸಂಗೀತ ಇದು. ಅದನ್ನು ಯಾರ ಹೆಸರಿನಲ್ಲಿ ಹಾಡುತ್ತೇವೆಂಬುದನ್ನು ನಿಶ್ಚಯಿಸುವ ಸ್ವಾತಂತ್ರ್ಯ ನಮಗಿದೆ. ಆ ನಿಶ್ಚಯಕ್ಕೆ ಬೇಕಾದ ಹೆಸರುಗಳನ್ನೂ ಸಂಗತಿಗಳನ್ನೂ ಒದಗಿಸುವುದು ವಾದ್ಯಗಾರರ ಕೆಲಸವಲ್ಲ, ಇತಿಹಾಸ ವಿದ್ಯಾರ್ಥಿಗಳ ಕೆಲಸ. ಬಿಳಿಅಕ್ಕಿಪಳ್ಳಿಯಿಂದ ಹಲಸೂರಿನವರೆಗಿನ ಸ್ಮಶಾನಗಳ ದಾಖಲೆಗಳನ್ನು ಕ್ರಮವಾಗಿ ಓದುವ ಕಾರ್ಯವನ್ನು ನಮ್ಮ ತರುಣ ಸಂಶೋಧಕರು ಕೈಗೊಳ್ಳಬೇಕೆಂಬುದು ಈ ಲೇಖಕನ ಬಿನ್ನಹ.